ಮಗುವಿನ ಪಕ್ಷ ವಹಿಸಿದ ಪರೀಕ್ಷಕ ಆಲ್ಫ್ರೆಡ್ ಬಿನೆ

ಬುದ್ಧಿಶಕ್ತಿಯನ್ನು ಅಂಕಿಯಲ್ಲಿ ಅಳೆಯುವ ಪರೀಕ್ಷೆಗಳ ಹೆಸರು ಕೇಳದ ನಗರವಾಸಿಗಳು ಇಂದು ವಿರಳ. ಮಗುವಿನ ಐಕ್ಯೂ ಎಷ್ಟೆಂದು ವಿಚಾರಿಸುವ ಪಾಲಕರಿದ್ದಾರೆ, ಅದನ್ನು ಹೇಳಿಕೊಡುವ ಕೇಂದ್ರಗಳೂ ಇವೆ. ಆದರೆ ಇಂತಹ ಪರೀಕ್ಷೆಗಳಿಗೆ ಅಡಿಪಾಯ ಹಾಕಿದ ಫ್ರೆಂಚ್ ಮನೋವಿಜ್ಞಾನಿ ಆಲ್ಫ್ರೆಡ್ ಬಿನೆ ಅವರ ಉದ್ದೇಶ ಬುದ್ಧಿವಂತರನ್ನು ಸಾಲಾಗಿ ನಿಲ್ಲಿಸುವುದಾಗಿರಲಿಲ್ಲ. ಯಾರದೋ ಒಂದು ಮಾತಿನ ಮೇಲೆ ಮಗುವೊಂದು ಸಾಮಾನ್ಯ ಶಾಲೆಯಿಂದ ಹೊರಬೀಳಬಾರದು ಎಂಬ ಕಾಳಜಿಯೇ ಆ ಪರೀಕ್ಷೆಯ ಮೂಲ. ನ್ಯಾಯಕ್ಕಾಗಿ ಹುಟ್ಟಿದ ಸಾಧನವೊಂದು ಮುಂದೆ ಅನ್ಯಾಯಕ್ಕೂ ಬಳಕೆಯಾದುದು ಶಿಕ್ಷಣದ ಇತಿಹಾಸದಲ್ಲಿ ಮರೆಯಲಾಗದ ಅಧ್ಯಾಯ.

ಬಿನೆ ಹುಟ್ಟಿದ್ದು 1857ರ ಜುಲೈನಲ್ಲಿ, ನೀಸ್ ನಗರದಲ್ಲಿ. ಆಗ ಅದು ಸಾರ್ಡಿನಿಯಾ ರಾಜ್ಯಕ್ಕೆ ಸೇರಿತ್ತು. ಫ್ರಾನ್ಸಿನ ಪಾಲಾದದ್ದು 1860ರಲ್ಲಿ. ತಂದೆ ವೈದ್ಯರು, ತಾಯಿ ಚಿತ್ರಕಲಾವಿದೆ. ತಂದೆತಾಯಿಗಳು ಬೇರೆಯಾದ ಬಳಿಕ ಬಾಲಕ ತಾಯಿಯ ಆಶ್ರಯದಲ್ಲಿ ಬೆಳೆದನು. ಪ್ರೌಢಶಿಕ್ಷಣಕ್ಕಾಗಿ ಪ್ಯಾರಿಸ್ಸಿನ ಪ್ರಸಿದ್ಧ ಲೂಯಿ ಲ ಗ್ರಾಂ ಶಾಲೆಗೆ ಸೇರಿದನು. ಶಾಲಾ ವ್ಯಾಸಂಗದ ಕೊನೆಯ ಹಂತದ ಮೌಖಿಕ ಪರೀಕ್ಷೆಯಲ್ಲಿ ನಡೆದ ಘಟನೆಯೊಂದನ್ನು ಬಿನೆ ಬಹುಕಾಲದ ನಂತರ ಬರೆದಿಟ್ಟಿದ್ದಾರೆ. ಒಂದು ಪ್ರಶ್ನೆಗೆ ಅವರು ತಪ್ಪು ಉತ್ತರ ಕೊಟ್ಟರಂತೆ. ಕೆರಳಿದ ಪರೀಕ್ಷಕರು, ಈ ಹುಡುಗನಿಗೆ ತತ್ತ್ವಜ್ಞಾನದ ಬುದ್ಧಿ ಎಂದೆಂದಿಗೂ ಬರಲಾರದು ಎಂದು ತೀರ್ಪಿತ್ತರಂತೆ. ಒಂದು ತಪ್ಪು ಉತ್ತರದಿಂದ ಇಡೀ ಬಾಳಿನ ಭವಿಷ್ಯವನ್ನು ನುಡಿಯುವ ಈ ಧೋರಣೆ ಅವರ ಮನಸ್ಸಿನಲ್ಲಿ ಆಳವಾಗಿ ಉಳಿಯಿತು.

ತಡವಾಗಿ ಸಿಕ್ಕ ದಾರಿ

ಬಿನೆ ಮೊದಲು ಕಾನೂನು ಓದಿ 1878ರಲ್ಲಿ ಪದವಿ ಪಡೆದರು. ವಕೀಲಿಕೆ ಹಿಡಿಸಲಿಲ್ಲ. ವೈದ್ಯಕೀಯ ಶಿಕ್ಷಣವನ್ನು ಆರಂಭಿಸಿ ಅರ್ಧಕ್ಕೇ ಬಿಟ್ಟರು. ಪ್ಯಾರಿಸ್ಸಿನ ರಾಷ್ಟ್ರೀಯ ಗ್ರಂಥಾಲಯದಲ್ಲಿ ಕುಳಿತು ಮನೋವಿಜ್ಞಾನದ ಗ್ರಂಥಗಳನ್ನು ಓದುತ್ತ ಓದುತ್ತ ಆ ಶಾಸ್ತ್ರವನ್ನು ತಾವೇ ಕಲಿತರು. ಇಂಗ್ಲಿಷ್ ಚಿಂತಕ ಜಾನ್ ಸ್ಟುವರ್ಟ್ ಮಿಲ್ ಅವರ ಬರಹಗಳು ಈ ಅವಧಿಯಲ್ಲಿ ಅವರನ್ನು ಬಹಳವಾಗಿ ಪ್ರಭಾವಿಸಿದವು. ಯಾವ ಗುರುವಿನ ಕೈಕೆಳಗೂ ಕ್ರಮವಾಗಿ ಮನೋವಿಜ್ಞಾನ ಕಲಿಯದ ವ್ಯಕ್ತಿಯೊಬ್ಬರು ಆ ಕ್ಷೇತ್ರದ ಅಗ್ರಗಣ್ಯರಾದುದು ಗಮನಾರ್ಹ ಸಂಗತಿ.

1883ರ ಸುಮಾರಿಗೆ ಅವರು ಸಾಲ್ಪೆತ್ರಿಯೆರ್ ಆಸ್ಪತ್ರೆಯಲ್ಲಿ ಹೆಸರಾಂತ ನರರೋಗತಜ್ಞ ಶಾರ್ಕೊ ಅವರ ಬಳಗವನ್ನು ಸೇರಿದರು. ಅಲ್ಲಿ ಸಮ್ಮೋಹನ ವಿದ್ಯೆಯ ಪ್ರಯೋಗಗಳು ನಡೆಯುತ್ತಿದ್ದವು. ಸಮ್ಮೋಹನಕ್ಕೊಳಗಾದ ರೋಗಿಯ ದೇಹದ ಒಂದು ಮಗ್ಗುಲಿನ ಲಕ್ಷಣವನ್ನು ಅಯಸ್ಕಾಂತದಿಂದ ಮತ್ತೊಂದು ಮಗ್ಗುಲಿಗೆ ವರ್ಗಾಯಿಸಬಹುದು ಎಂದು ಬಿನೆ ಮತ್ತು ಅವರ ಸಹೋದ್ಯೋಗಿ ಫೆರೆ ಪ್ರತಿಪಾದಿಸಿದರು. ಬೆಲ್ಜಿಯಮ್ಮಿನ ವಿದ್ವಾಂಸ ಡೆಲ್ಬಫ್ ಇದನ್ನು ಪ್ರಶ್ನಿಸಿದರು. ಏನಾಗಬೇಕೆಂದು ಪ್ರಯೋಗಕಾರರು ರೋಗಿಯ ಎದುರಿನಲ್ಲೇ ಮಾತನಾಡಿಕೊಳ್ಳುತ್ತಿದ್ದರು. ರೋಗಿ ತನಗರಿವಿಲ್ಲದೆಯೇ ಅದನ್ನು ನಡೆಸಿಕೊಡುತ್ತಿದ್ದಳು. ಅಯಸ್ಕಾಂತದ ಪಾತ್ರ ಅದರಲ್ಲಿ ಇರಲೇ ಇಲ್ಲ. ಕೊನೆಗೆ ಬಿನೆ ಸೋಲನ್ನು ಒಪ್ಪಿಕೊಳ್ಳಬೇಕಾಯಿತು. ಪರೀಕ್ಷಿಸುವವನ ನಿರೀಕ್ಷೆ ಪರೀಕ್ಷೆಗೊಳಗಾದವನ ಉತ್ತರವನ್ನು ತಿದ್ದಬಲ್ಲದು ಎಂಬ ಪಾಠವನ್ನು ಅವರು ಈ ಅವಮಾನದಿಂದ ಕಲಿತರು. ಮುಂದಿನ ಅವರ ಎಲ್ಲ ಕೆಲಸಕ್ಕೂ ಈ ಎಚ್ಚರವೇ ಕಾವಲಾಯಿತು.

ಈ ನಡುವೆ 1884ರಲ್ಲಿ ಭ್ರೂಣಶಾಸ್ತ್ರಜ್ಞ ಬಾಲ್ಬಿಯಾನಿ ಅವರ ಮಗಳು ಲೋರ್ ಅವರೊಂದಿಗೆ ವಿವಾಹವಾಯಿತು. ಮದ್ಲೆನ್ ಮತ್ತು ಆಲಿಸ್ ಎಂಬ ಇಬ್ಬರು ಹೆಣ್ಣುಮಕ್ಕಳು ಹುಟ್ಟಿದರು. ಆಸ್ಪತ್ರೆಯನ್ನು ಬಿಟ್ಟ ಬಿನೆ ಮನೆಯಲ್ಲೇ ಮಕ್ಕಳನ್ನು ಗಮನಿಸತೊಡಗಿದರು. ಒಂದೇ ಮನೆಯಲ್ಲಿ ಬೆಳೆದ ಇಬ್ಬರ ಯೋಚನಾಕ್ರಮಗಳು ಬೇರೆ ಬೇರೆಯಾಗಿರುವುದು ಅವರಿಗೆ ಸ್ಪಷ್ಟವಾಯಿತು. ಒಬ್ಬಳು ಕಂಡದ್ದನ್ನು ಕಂಡಂತೆ ನಿಖರವಾಗಿ ವಿವರಿಸುವವಳು. ಇನ್ನೊಬ್ಬಳು ಕಲ್ಪನೆಯ ಕಡೆಗೆ ಒಲಿದವಳು. ಇವರಲ್ಲಿ ಹೆಚ್ಚಿನವಳಾರು, ಕಡಿಮೆಯವಳಾರು ಎಂಬ ಪ್ರಶ್ನೆಗೆ ಅರ್ಥವಿರಲಿಲ್ಲ. ಈ ಅವಲೋಕನಗಳ ಫಲವಾಗಿ 1903ರಲ್ಲಿ ಬುದ್ಧಿಶಕ್ತಿಯ ಪ್ರಾಯೋಗಿಕ ಅಧ್ಯಯನ ಕುರಿತ ಅವರ ಗ್ರಂಥ ಹೊರಬಂದಿತು.

1891ರಲ್ಲಿ ಸೊರ್ಬೊನ್‌ನ ಮನೋವೈಜ್ಞಾನಿಕ ಪ್ರಯೋಗಾಲಯವನ್ನು ಸೇರಿದ ಬಿನೆ 1894ರಲ್ಲಿ ಅದರ ನಿರ್ದೇಶಕರಾಗಿ ಕಡೆಯವರೆಗೂ ಆ ಸ್ಥಾನದಲ್ಲಿದ್ದರು. ಅದೇ ವರ್ಷ ಕೀಟಗಳ ನರಮಂಡಲವನ್ನು ಕುರಿತ ಪ್ರಬಂಧಕ್ಕೆ ಡಾಕ್ಟರೇಟ್ ಪಡೆದರು. ಮನೋವಿಜ್ಞಾನದ ವಾರ್ಷಿಕ ಪತ್ರಿಕೆಯೊಂದನ್ನೂ ಸ್ಥಾಪಿಸಿದರು. ಅದ್ಭುತ ಗಣಿತಪ್ರತಿಭೆಯ ಇನೌದಿ, ಕಣ್ಣುಕಟ್ಟಿಕೊಂಡು ಆಡುವ ಚದುರಂಗಪಟುಗಳು, ನಾಟಕಕಾರರು ಹೀಗೆ ಹಲವರನ್ನು ಅಧ್ಯಯನ ಮಾಡಿದರು. ಬಿಡುವಿನಲ್ಲಿ ರಂಗಭೂಮಿಗಾಗಿ ಭಯಾನಕ ನಾಟಕಗಳ ರಚನೆಯಲ್ಲೂ ಕೈಜೋಡಿಸಿದರು. ಆದರೂ ಫ್ರಾನ್ಸಿನಲ್ಲಿ ಪ್ರಾಧ್ಯಾಪಕ ಪೀಠ ಅವರಿಗೆ ಒಲಿಯಲೇ ಇಲ್ಲ.

ತಲೆಯ ಅಳತೆಯಿಂದ ತರಗತಿಯತ್ತ

ಆ ಕಾಲದಲ್ಲಿ ತಲೆಯ ಗಾತ್ರವನ್ನು ಅಳೆದರೆ ಬುದ್ಧಿಯ ಪ್ರಮಾಣ ತಿಳಿಯುತ್ತದೆ ಎಂಬ ನಂಬಿಕೆ ವಿದ್ವಾಂಸರಲ್ಲಿ ಬಲವಾಗಿತ್ತು. ಬಿನೆ ಸಹ ಆರಂಭದಲ್ಲಿ ಇದನ್ನು ನಂಬಿದ್ದರು. ಶಾಲೆಗಳಿಗೆ ಹೋಗಿ, ಶಿಕ್ಷಕರು ಜಾಣರೆಂದೂ ಮಂದರೆಂದೂ ಗುರುತಿಸಿದ ಮಕ್ಕಳ ತಲೆಗಳನ್ನು ಅಳೆದರು. ಇಬ್ಬರ ನಡುವೆ ಕಂಡ ವ್ಯತ್ಯಾಸ ಮಿಲಿಮೀಟರಿನ ಲೆಕ್ಕದ್ದು. ಇನ್ನೊಂದು ಸಂಶಯವೂ ಅವರನ್ನು ಕಾಡಿತು. ಎದುರಿನ ಮಗು ಜಾಣನೆಂದು ಮೊದಲೇ ತಿಳಿದಿದ್ದರೆ ಅಳೆಯುವ ಕೈ ಪ್ರಾಮಾಣಿಕವಾಗಿದ್ದರೂ ತುಸು ಹೆಚ್ಚಿನ ಅಳತೆಯನ್ನೇ ತೋರಿಸೀತು. ತಮ್ಮ ಅಳತೆಗಳನ್ನೇ ಮರುಪರೀಕ್ಷೆಗೆ ಒಳಪಡಿಸಿದ ಅವರು ಈ ಸಂಶಯ ನಿಜವೆಂದು ಕಂಡುಕೊಂಡರು. 1900ರ ವೇಳೆಗೆ ತಲೆಯ ಅಳತೆಯ ಮಾರ್ಗದಲ್ಲಿ ಅವರಿಗೆ ವಿಶ್ವಾಸ ಉಳಿದಿರಲಿಲ್ಲ. ಶಾರ್ಕೊ ಬಳಗದಲ್ಲಿ ಕಲಿತ ಪಾಠ ಇಲ್ಲಿ ಫಲ ನೀಡಿತು.

ಅದೇ ವರ್ಷ ಪ್ರಕಟವಾದ ಅವರ ಮತ್ತೊಂದು ಗ್ರಂಥ, ಇತರರ ಸೂಚನೆಗೆ ಮನಸ್ಸು ಮಣಿಯುವ ಬಗೆಯನ್ನು ಕುರಿತದ್ದು. ಮಕ್ಕಳಿಗೆ ಹಲವು ವಸ್ತುಗಳನ್ನು ಅಂಟಿಸಿದ ರಟ್ಟೊಂದನ್ನು ಕೆಲವು ಕ್ಷಣ ತೋರಿಸಿ, ಬಳಿಕ ಪ್ರಶ್ನೆ ಕೇಳಲಾಯಿತು. ನೆನಪಿರುವುದನ್ನು ತಾವಾಗಿ ಹೇಳಲು ಬಿಟ್ಟಾಗ ತಪ್ಪುಗಳು ಕಡಿಮೆ. ಉತ್ತರವನ್ನು ಒಳಗೇ ಅಡಗಿಸಿಕೊಂಡ ಪ್ರಶ್ನೆ ಕೇಳಿದಾಗ ಇಲ್ಲದ ವಸ್ತುವನ್ನೂ ಕಂಡೆವೆಂದು ಮಕ್ಕಳು ಹೇಳಿದರು. ಪ್ರಶ್ನೆ ಕೇಳುವ ರೀತಿಯೇ ಉತ್ತರವನ್ನು ಕೆಡಿಸಬಲ್ಲದು ಎಂಬುದು ಇದರಿಂದ ಸಿದ್ಧವಾಯಿತು.

ಇತ್ತ ಫ್ರಾನ್ಸಿನ ಶಾಲೆಗಳಲ್ಲಿ ದೊಡ್ಡ ಬದಲಾವಣೆ ನಡೆದಿತ್ತು. 1882ರ ಕಾಯಿದೆಯು 6ರಿಂದ 13 ವರ್ಷದ ಮಕ್ಕಳೆಲ್ಲರಿಗೂ ಶಿಕ್ಷಣವನ್ನು ಕಡ್ಡಾಯಗೊಳಿಸಿತ್ತು. ಮೊದಲು ಶಾಲೆಯ ಮೆಟ್ಟಿಲು ಹತ್ತದಿದ್ದ ಮಕ್ಕಳು ತರಗತಿಗೆ ಬಂದರು. ಎಲ್ಲರೊಂದಿಗೆ ಹೆಜ್ಜೆ ಹಾಕಲಾಗದವರೂ ಅವರಲ್ಲಿದ್ದರು. ಇವರಿಗೆ ವಿಶೇಷ ಬೋಧನೆಯ ಏರ್ಪಾಡು ಹೇಗಿರಬೇಕೆಂದು ಪರಿಶೀಲಿಸಲು 1904ರಲ್ಲಿ ಶಿಕ್ಷಣ ಸಚಿವರು ಆಯೋಗವೊಂದನ್ನು ನೇಮಿಸಿದರು. ಮಕ್ಕಳ ಮನೋವೈಜ್ಞಾನಿಕ ಅಧ್ಯಯನದ ಸಂಘವೊಂದರ ಮುಖಂಡರಾಗಿದ್ದ ಬಿನೆ ಅದರ ಸದಸ್ಯರಾದರು. ತಕ್ಕ ಪರೀಕ್ಷೆ ನಡೆಸದೆ ಯಾವ ಮಗುವನ್ನೂ ಸಾಮಾನ್ಯ ಶಾಲೆಯಿಂದ ತೆಗೆದು ವಿಶೇಷ ಶಾಲೆಗೆ ಕಳುಹಿಸಕೂಡದೆಂದು ಆಯೋಗ ನಿರ್ಧರಿಸಿತು. ಆದರೆ ಆ ಪರೀಕ್ಷೆ ಯಾವುದು? ಅದನ್ನು ನಡೆಸುವವರು ಯಾರು?

ಯಾರ ಮಾತನ್ನು ನಂಬಬೇಕು?

ಆಗಿನ ಸ್ಥಿತಿ ಹೇಗಿತ್ತೆಂಬುದನ್ನು ಬಿನೆ ವಿವರವಾಗಿ ದಾಖಲಿಸಿದ್ದಾರೆ. ಒಂದೇ ಮಗುವಿನ ಬಗ್ಗೆ ಸ್ವಲ್ಪ ದಿನಗಳ ಅಂತರದಲ್ಲಿ ಬೇರೆ ಬೇರೆ ಆಸ್ಪತ್ರೆಗಳ ವೈದ್ಯರು ನೀಡಿದ ಪ್ರಮಾಣಪತ್ರಗಳನ್ನು ಅವರು ಹೋಲಿಸಿ ನೋಡಿದರು. ಒಂದರಲ್ಲಿ ಒಂದು ದರ್ಜೆಯ ಮಂದಮತಿ ಎಂದಿದ್ದರೆ ಮತ್ತೊಂದರಲ್ಲಿ ಅದಕ್ಕಿಂತ ಕೆಳಗಿನ ದರ್ಜೆ. ಮೂರನೆಯದರಲ್ಲಿ ಮೇಲಿನ ದರ್ಜೆ. ಮಗು ಬದಲಾಗಿರಲಿಲ್ಲ, ವೈದ್ಯರು ಮಾತ್ರ ಬದಲಾಗಿದ್ದರು.

ಶಿಕ್ಷಕರ ಮಾತನ್ನಷ್ಟೇ ನೆಚ್ಚುವುದೂ ಕ್ಷೇಮವಾಗಿರಲಿಲ್ಲ. ತಂಟೆಕೋರ ಹುಡುಗನನ್ನು ತರಗತಿಯಿಂದ ಕಳಚಿಕೊಳ್ಳುವ ಆಸೆ ಕೆಲವರಿಗಿರಬಹುದು. ಸದ್ದಿಲ್ಲದೆ ಹಿಂದಿನ ಬೆಂಚಿನಲ್ಲಿ ಕುಳಿತ, ನಿಜವಾಗಿ ನೆರವು ಬೇಕಾದ ಮಗು ಅವರ ಕಣ್ಣಿಗೆ ಬೀಳದೆಯೂ ಹೋಗಬಹುದು. ಪಾಲಕರಲ್ಲಿ ಕೆಲವರು ಮಾನಕ್ಕಂಜಿ ತೊಂದರೆಯನ್ನು ಮುಚ್ಚಿಡುತ್ತಾರೆ. ಮಗುವನ್ನು ಸಂಸ್ಥೆಗೆ ಸೇರಿಸಿ ಭಾರ ಇಳಿಸಿಕೊಳ್ಳಬಯಸುವ ಕೆಲವರು ತೊಂದರೆಯನ್ನು ಹಿಗ್ಗಿಸುತ್ತಾರೆ. ಹೀಗೆ ಪ್ರತಿಯೊಬ್ಬರ ಮಾತಿನ ಹಿಂದೆಯೂ ಒಂದು ಹಿತಾಸಕ್ತಿ ಇದ್ದೀತು. ಈ ಯಾವ ಹಿತಾಸಕ್ತಿಗೂ ಸಿಲುಕದ, ಎಲ್ಲ ಮಕ್ಕಳಿಗೂ ಒಂದೇ ರೀತಿ ಅನ್ವಯಿಸುವ ಅಳತೆಗೋಲು ಬೇಕೆಂದು ಬಿನೆ ನಿಶ್ಚಯಿಸಿದರು.

ಅವರಿಗೆ ಜೊತೆಯಾದವರು ಯುವ ವೈದ್ಯ ತಿಯೊಡೋರ್ ಸೈಮನ್. 1905ರಲ್ಲಿ ಇಬ್ಬರೂ ಸೇರಿ 30 ಪ್ರಶ್ನೆಗಳ ಮೊದಲ ಪರೀಕ್ಷೆಯನ್ನು ಪ್ರಕಟಿಸಿದರು. ಸುಲಭದಿಂದ ಕಠಿಣಕ್ಕೆ ಏರುವ ಜೋಡಣೆ ಅದು. ಉರಿಯುವ ಕಡ್ಡಿಯನ್ನು ಕಣ್ಣಿನಿಂದ ಹಿಂಬಾಲಿಸುವುದು, ಚಿತ್ರದಲ್ಲಿರುವ ವಸ್ತುಗಳ ಹೆಸರು ಹೇಳುವುದು, ಕೇಳಿದ ಅಂಕಿಗಳನ್ನು ಮರಳಿ ಹೇಳುವುದು, ತೂಕಗಳನ್ನು ಕ್ರಮವಾಗಿ ಜೋಡಿಸುವುದು, ಕೊಟ್ಟ ಮೂರು ಪದಗಳನ್ನು ಬಳಸಿ ವಾಕ್ಯ ರಚಿಸುವುದು ಇತ್ಯಾದಿ. ಓದು ಬರಹದ ಜ್ಞಾನವನ್ನು ಆದಷ್ಟು ದೂರವಿರಿಸಿದ್ದು ಇದರ ವೈಶಿಷ್ಟ್ಯ. ಕಲಿಯುವ ಅವಕಾಶವೇ ಸಿಗದ ಮಗುವನ್ನು ಕಲಿಯಲಾಗದ ಮಗುವೆಂದು ತಪ್ಪಾಗಿ ತಿಳಿಯಬಾರದೆಂಬುದೇ ಇದರ ಉದ್ದೇಶ. ಶಾಲೆಯಲ್ಲಿ ಕಲಿತದ್ದನ್ನು ಅಳೆಯಲು ಪ್ರತ್ಯೇಕ ಮಾನದಂಡವನ್ನು ಪ್ಯಾರಿಸ್ಸಿನ ಮುಖ್ಯೋಪಾಧ್ಯಾಯ ವಾನೆ ಅವರ ಜೊತೆಗೂಡಿ ರೂಪಿಸಿದರು. ವಾನೆ ಅವರ ಶಾಲೆಯಲ್ಲೇ 1905ರಲ್ಲಿ ಶೈಕ್ಷಣಿಕ ಪ್ರಯೋಗಾಲಯವೊಂದು ಆರಂಭವಾಯಿತು.

ಪ್ರಶ್ನೆಗಳಷ್ಟೇ ಪರೀಕ್ಷೆಯ ಸನ್ನಿವೇಶವೂ ಮುಖ್ಯವೆಂದು ಬಿನೆ ನಂಬಿದ್ದರು. ಕೊಠಡಿ ಗದ್ದಲವಿಲ್ಲದೆ ಶಾಂತವಾಗಿರಬೇಕು. ಮಗುವನ್ನು ಸ್ನೇಹದಿಂದ ಬರಮಾಡಿಕೊಂಡು ಅದರ ಅಂಜಿಕೆಯನ್ನು ಕಳೆಯಬೇಕು. ಪ್ರಶ್ನೆಯ ಮಾತುಗಳನ್ನು ಬದಲಿಸಬಾರದು, ಮುಖಭಾವದಿಂದಲೂ ಉತ್ತರದ ಸುಳಿವು ಕೊಡಬಾರದು. ಉತ್ತರವನ್ನು ಮಗು ಹೇಳಿದಂತೆಯೇ ಬರೆದುಕೊಳ್ಳಬೇಕು. ಇವೆಲ್ಲವೂ ಅವರ ಸೂಚನೆಗಳಲ್ಲಿ ಸೇರಿದ್ದವು. ತಾವು ಹಿಂದೆಂದೂ ನೋಡಿರದ ಮಕ್ಕಳ ಬುದ್ಧಿಯನ್ನು ತಮ್ಮದೇ ವಿಧಾನದಲ್ಲಿ ಅಂದಾಜು ಮಾಡುವಂತೆ ಕೆಲವು ಶಿಕ್ಷಕರನ್ನು ಅವರು ಒಮ್ಮೆ ಆಹ್ವಾನಿಸಿದರು. ಒಬ್ಬೊಬ್ಬರು ಒಂದೊಂದು ಬಗೆಯ ಪ್ರಶ್ನೆ ಕೇಳಿದರು. ಒಬ್ಬ ಮಗುವಿಗೆ ಕೇಳಿದ್ದನ್ನು ಇನ್ನೊಬ್ಬನಿಗೆ ಕೇಳಲಿಲ್ಲ. ಎಲ್ಲರಿಗೂ ಒಂದೇ ಪ್ರಶ್ನೆ, ಒಂದೇ ಕ್ರಮ ಏಕೆ ಅಗತ್ಯವೆಂಬುದಕ್ಕೆ ಇದಕ್ಕಿಂತ ಬೇರೆ ಪುರಾವೆ ಬೇಕಿರಲಿಲ್ಲ.

1908ರಲ್ಲಿ ಪರೀಕ್ಷೆಯನ್ನು ಪರಿಷ್ಕರಿಸಿ, 3ರಿಂದ 13 ವರ್ಷದವರೆಗೆ ವಯಸ್ಸಿಗೆ ಅನುಗುಣವಾಗಿ ಪ್ರಶ್ನೆಗಳನ್ನು ವಿಂಗಡಿಸಿದರು. ಒಂದು ವಯಸ್ಸಿನ ಬಹುಪಾಲು ಮಕ್ಕಳು ಉತ್ತರಿಸಬಲ್ಲ ಪ್ರಶ್ನೆಗಳು ಆ ವಯಸ್ಸಿನ ಪಟ್ಟಿಗೆ ಸೇರಿದವು. ಮಗು ಯಾವ ವಯಸ್ಸಿನ ಪ್ರಶ್ನೆಗಳವರೆಗೆ ಉತ್ತರಿಸಿತೋ ಅದು ಆ ಹೊತ್ತಿನ ಅದರ ಮಾನಸಿಕ ಮಟ್ಟ. ಇದು ಆ ದಿನದ ಸ್ಥಿತಿಯೇ ಹೊರತು ಹುಟ್ಟಿನಿಂದ ಬಂದ ಶಾಶ್ವತ ಗುಣವಲ್ಲ ಎಂಬುದರಲ್ಲಿ ಬಿನೆ ಕಟ್ಟುನಿಟ್ಟಾಗಿದ್ದರು. ಉದ್ದವನ್ನು ಅಳೆದಂತೆ ಬುದ್ಧಿಯನ್ನು ಅಳೆಯಲಾಗದು, ಮಕ್ಕಳ ಉತ್ತರಗಳನ್ನು ಪರಸ್ಪರ ಹೋಲಿಸಿ ಸ್ಥೂಲವಾಗಿ ಒಂದು ಸ್ಥಾನವನ್ನು ಸೂಚಿಸಬಹುದಷ್ಟೆ ಎಂದು ಅವರು ಎಚ್ಚರಿಸಿದ್ದರು.

ಬಡತನದ ಪ್ರಶ್ನೆಯೂ ಅವರ ಗಮನದಿಂದ ತಪ್ಪಲಿಲ್ಲ. ಬ್ರಸೆಲ್ಸ್‌ನಲ್ಲಿ ಡೆಕ್ರೋಲಿ ಮತ್ತು ದೆಗಾಂ ಎಂಬ ಸಂಶೋಧಕರು ಅನುಕೂಲಸ್ಥ ಮನೆತನದ ಮಕ್ಕಳಿಗೆ ಇದೇ ಪರೀಕ್ಷೆ ನಡೆಸಿದಾಗ ಪ್ಯಾರಿಸ್ಸಿನ ಸಾಮಾನ್ಯ ಶಾಲೆಯ ಮಕ್ಕಳಿಗಿಂತ ಎಷ್ಟೋ ಮೇಲಿನ ಫಲಿತಾಂಶ ಬಂದಿತು. ಬಿನೆ ಇದನ್ನು ತಳ್ಳಿಹಾಕದೆ 1911ರ ತಮ್ಮ ಲೇಖನದಲ್ಲಿ ಚರ್ಚೆಗೆ ಎತ್ತಿಕೊಂಡರು. ಮನೆಯ ವಾತಾವರಣ, ಅಲ್ಲಿ ಕಿವಿಗೆ ಬೀಳುವ ಭಾಷೆ ಉತ್ತರಗಳ ಮೇಲೆ, ಅದರಲ್ಲೂ ಮಾತಿಗೆ ಸಂಬಂಧಿಸಿದ ಪ್ರಶ್ನೆಗಳ ಮೇಲೆ, ಪರಿಣಾಮ ಬೀರುತ್ತದೆ ಎಂಬುದನ್ನು ಒಪ್ಪಿದರು. ಅಂದರೆ ಒಂದೇ ಪ್ರಶ್ನೆಯನ್ನು ಎಲ್ಲರಿಗೂ ಕೇಳಿದ ಮಾತ್ರಕ್ಕೆ ಸಮಾನತೆ ಪೂರ್ಣವಾಗುವುದಿಲ್ಲ.

ಪರೀಕ್ಷೆಯ ನಂತರದ ಹೊಣೆ

ಹಿಂದುಳಿದ ಮಗುವನ್ನು ಗುರುತಿಸಿದ ಮೇಲೆ ಮುಂದೇನು ಎಂಬುದು ಬಿನೆ ಅವರಿಗೆ ಅತಿ ಮುಖ್ಯವಾಗಿತ್ತು. 1909ರಲ್ಲಿ ಫ್ರಾನ್ಸಿನಲ್ಲಿ ಇಂತಹ ಮಕ್ಕಳಿಗಾಗಿ ವಿಶೇಷ ತರಗತಿಗಳ ಕಾಯಿದೆ ಬಂದಿತು. ಅದೇ ವರ್ಷ ಮಕ್ಕಳನ್ನು ಕುರಿತ ಆಧುನಿಕ ವಿಚಾರಗಳ ಬಗೆಗಿನ ಅವರ ಗ್ರಂಥ ಪ್ರಕಟವಾಯಿತು. ಬುದ್ಧಿಶಕ್ತಿ ಹೆಚ್ಚಿಸಲಾಗದ ಗಟ್ಟಿ ಮೊತ್ತವೆಂದು ನಂಬುವವರ ನಿರಾಶಾವಾದವನ್ನು ಅವರು ಅದರಲ್ಲಿ ಕಟುವಾಗಿ ವಿರೋಧಿಸಿದರು. ವಿದ್ಯಾರ್ಥಿದೆಸೆಯಲ್ಲಿ ತಮ್ಮ ಮೇಲೆ ಪರೀಕ್ಷಕರು ಹೊರಿಸಿದ ಆ ಶಾಶ್ವತ ತೀರ್ಪನ್ನು ಅವರು ನೆನೆದದ್ದೂ ಇದೇ ಗ್ರಂಥದಲ್ಲಿ.

ಕೈಕಾಲುಗಳಿಗೆ ವ್ಯಾಯಾಮವಿರುವಂತೆ ಮನಸ್ಸಿಗೂ ವ್ಯಾಯಾಮ ಬೇಕೆಂಬುದು ಅವರ ನಿಲುವು. ವಿಶೇಷ ತರಗತಿಗಳ ಮಕ್ಕಳನ್ನು ಮೊದಲು ಪ್ರತಿಮೆಯಂತೆ ಅಲುಗಾಡದೆ ನಿಲ್ಲುವ ಆಟಕ್ಕೆ ಹಚ್ಚಿದರು. ಗಮನವನ್ನು ಒಂದೆಡೆ ಹಿಡಿದಿಡುವ ಅಭ್ಯಾಸಕ್ಕೆ ಅದು ಮುನ್ನುಡಿ. ಅನಂತರ ಹಲವು ವಸ್ತುಗಳನ್ನು ಕ್ಷಣಕಾಲ ತೋರಿಸಿ ನೆನಪಿನಿಂದ ಹೆಸರಿಸುವ ಅಭ್ಯಾಸ. ತರಗತಿಯನ್ನು ನೋಡಲು ಬಂದ ಸಂಸತ್ ಸದಸ್ಯರು ತಾವೂ ಆ ಅಭ್ಯಾಸಕ್ಕೆ ಕೈಹಾಕಿ ಮಕ್ಕಳಿಗಿಂತ ಹಿಂದೆ ಬಿದ್ದರೆಂದು ಬಿನೆ ವಿನೋದದಿಂದ ಬರೆದಿದ್ದಾರೆ. ಮಕ್ಕಳಿಗೆ ಅಭ್ಯಾಸವಿತ್ತು, ಸದಸ್ಯರಿಗೆ ಇರಲಿಲ್ಲ, ರಹಸ್ಯ ಇಷ್ಟೇ.

1911ರಲ್ಲಿ ಪರೀಕ್ಷೆಯನ್ನು ಮತ್ತೊಮ್ಮೆ ಪರಿಷ್ಕರಿಸಿದ ಬಿನೆ ಅದೇ ವರ್ಷ ಅಕ್ಟೋಬರ್ 18ರಂದು ಪ್ಯಾರಿಸ್ಸಿನಲ್ಲಿ ನಿಧನರಾದರು. ಆಗ ಅವರಿಗೆ 54 ವರ್ಷ.

ಅಳತೆಗೋಲು ಕೈ ಬದಲಾದಾಗ

ಅವರು ತೀರಿಕೊಂಡ ಮರುವರ್ಷವೇ ಜರ್ಮನಿಯ ವಿಲಿಯಂ ಸ್ಟರ್ನ್ ಮಾನಸಿಕ ಮಟ್ಟವನ್ನು ವಯಸ್ಸಿನಿಂದ ಭಾಗಿಸುವ ಸೂತ್ರವನ್ನು ಮುಂದಿಟ್ಟರು. 1916ರಲ್ಲಿ ಅಮೆರಿಕದ ಲೂಯಿಸ್ ಟರ್ಮನ್ ತಾವು ಪರಿಷ್ಕರಿಸಿದ ಪರೀಕ್ಷೆಯಲ್ಲಿ ಆ ಭಾಗಲಬ್ಧವನ್ನು ನೂರರಿಂದ ಗುಣಿಸುವ ಪದ್ಧತಿಯನ್ನು ಬಳಕೆಗೆ ತಂದರು. ಬುದ್ಧಿಲಬ್ಧ ಅಥವಾ ಐಕ್ಯೂ ಎಂಬ ಒಂಟಿ ಅಂಕಿ ಹೀಗೆ ಜನಪ್ರಿಯವಾಯಿತು. ಬಿನೆ ಭಯಪಟ್ಟಂತೆಯೇ ಆ ಹೊತ್ತಿನ ಸ್ಥಿತಿಯ ಸೂಚನೆ ಹುಟ್ಟುಗುಣದ ಮುದ್ರೆಯಾಗಿ ಬದಲಾಯಿತು.

ಅಮೆರಿಕಕ್ಕೆ ಈ ಪರೀಕ್ಷೆಯನ್ನು ಕೊಂಡೊಯ್ದ ಹೆನ್ರಿ ಗೊಡಾರ್ಡ್, 1913ರಲ್ಲಿ ನ್ಯೂಯಾರ್ಕಿನ ಎಲಿಸ್ ದ್ವೀಪದಲ್ಲಿ ಹಡಗಿನಿಂದ ಇಳಿದ ವಲಸಿಗರ ಮೇಲೆ ಅದನ್ನು ಪ್ರಯೋಗಿಸಿದರು. ದೀರ್ಘ ಪ್ರಯಾಣದಿಂದ ದಣಿದ, ಪರಭಾಷೆಯ ಜನರಿಗೆ ದುಭಾಷಿಯ ಮೂಲಕ ಪ್ರಶ್ನೆ ಕೇಳಿ ಅವರಲ್ಲಿ ಬಹುಪಾಲು ಮಂದಿಯನ್ನು ಮಂದಮತಿಗಳೆಂದು ವರದಿ ಮಾಡಿದರು. ಮೊದಲ ಮಹಾಯುದ್ಧದ ಕಾಲದಲ್ಲಿ 17 ಲಕ್ಷಕ್ಕೂ ಹೆಚ್ಚು ಸೈನಿಕರಿಗೆ ನಡೆಸಿದ ಸಾಮೂಹಿಕ ಪರೀಕ್ಷೆಯಲ್ಲಿ ಅಮೆರಿಕದ ಅಂಗಡಿ ಸಾಮಾನು, ಬೇಸ್‌ಬಾಲ್ ತಂಡಗಳನ್ನು ಕುರಿತ ಪ್ರಶ್ನೆಗಳಿದ್ದವು. ಆ ನೆಲಕ್ಕೆ ಹೊಸದಾಗಿ ಕಾಲಿಟ್ಟವನು ಉತ್ತರಿಸದಿದ್ದರೆ ಅದು ಬುದ್ಧಿಯ ಕೊರತೆ ಎನಿಸಿತು. ವರ್ಜೀನಿಯಾ ರಾಜ್ಯದಲ್ಲಿ ಕ್ಯಾರಿ ಬಕ್ ಎಂಬ ತರುಣಿಯನ್ನು ಇಂತಹ ಪರೀಕ್ಷೆಯ ಆಧಾರದ ಮೇಲೂ ಮಂದಮತಿ ಎಂದು ಪರಿಗಣಿಸಲಾಯಿತು. 1927ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ ಆಕೆಗೆ ಬಲವಂತದ ಸಂತಾನಹರಣ ಚಿಕಿತ್ಸೆ ನಡೆಸಲು ಅನುಮತಿ ನೀಡಿತು.

ತಿದ್ದುಪಡಿ ಬಹಳ ತಡವಾಗಿ ಬಂದಿತು. ಗೊಡಾರ್ಡ್ ಸ್ವತಃ 1928ರಲ್ಲಿ ತಮ್ಮ ಹಿಂದಿನ ಅಭಿಪ್ರಾಯಗಳಿಂದ ಹಿಂದೆ ಸರಿದರು. 1979ರಲ್ಲಿ ಕ್ಯಾಲಿಫೋರ್ನಿಯಾದ ಫೆಡರಲ್ ನ್ಯಾಯಾಲಯವು, ಕಪ್ಪು ವರ್ಣೀಯ ಮಕ್ಕಳನ್ನು ಮಂದಮತಿಗಳ ತರಗತಿಗೆ ಸೇರಿಸಲು ಐಕ್ಯೂ ಪರೀಕ್ಷೆಗಳನ್ನು ಬಳಸಿದ್ದು ತಾರತಮ್ಯವೆಂದು ತೀರ್ಪು ನೀಡಿತು. ಮಗುವನ್ನು ತಪ್ಪು ತರಗತಿಗೆ ತಳ್ಳಬಾರದೆಂದು ರೂಪಿಸಿದ ಸಾಧನವೇ ಮಕ್ಕಳನ್ನು ತಪ್ಪು ತರಗತಿಗೆ ತಳ್ಳಿತೆಂಬ ಆರೋಪಕ್ಕೆ ಗುರಿಯಾದದ್ದು ವಿಧಿಯ ವಿಡಂಬನೆ.

ಕರ್ನಾಟಕಕ್ಕೂ ಬಿನೆ ಅವರಿಗೂ ನೇರ ನಂಟೊಂದಿದೆ. ಫ್ರೆಂಚ್ ಮಕ್ಕಳಿಗೆ ಹೊಂದಿದ ಪ್ರಶ್ನೆಗಳು ಇಲ್ಲಿನ ಮಕ್ಕಳಿಗೆ ಹೊಂದಲಾರವು ಎಂಬುದನ್ನು ಮನಗಂಡು, ಧಾರವಾಡದಲ್ಲಿ ವಿ.ವಿ. ಕಾಮತ್ ಅವರು ಕನ್ನಡ ಮತ್ತು ಮರಾಠಿ ಮಾತನಾಡುವ ಮಕ್ಕಳಿಗಾಗಿ ಆ ಪರೀಕ್ಷೆಯನ್ನು ಪರಿಷ್ಕರಿಸಿದರು. 1934ರಲ್ಲಿ ಈ ಕುರಿತ ಅವರ ಲೇಖನವೂ 1940ರಲ್ಲಿ ಗ್ರಂಥವೂ ಪ್ರಕಟವಾದವು. ಬಿನೆ-ಕಾಮತ್ ಪರೀಕ್ಷೆ ಎಂದು ಪ್ರಸಿದ್ಧವಾದ ಇದು ಮುಂದಿನ ಹಲವು ದಶಕಗಳ ಕಾಲ ದೇಶದ ಚಿಕಿತ್ಸಾಲಯಗಳಲ್ಲಿ ಬಳಕೆಯಾಯಿತು. ಅದರ ಮಾನದಂಡಗಳು ಹಳೆಯವೆಂಬ ಟೀಕೆಯೂ ತಜ್ಞರಿಂದ ಬಂದಿದೆ. ಪರೀಕ್ಷೆಯನ್ನು ಆಯಾ ನೆಲದ ಮಕ್ಕಳಿಗೆ ತಕ್ಕಂತೆ ಮತ್ತೆ ಮತ್ತೆ ತಿದ್ದಬೇಕೆಂಬ ಆ ಟೀಕೆ, 1905ರಿಂದ 1911ರೊಳಗೆ ತಮ್ಮದೇ ಪರೀಕ್ಷೆಯನ್ನು ಎರಡು ಬಾರಿ ತಿದ್ದಿದ ಬಿನೆ ಅವರ ದಾರಿಗೆ ಅನುಗುಣವಾದದ್ದೇ.

ಅಂಕ ಕೊಡುವ ಅಧಿಕಾರ ಇರುವವರೆಲ್ಲರಿಗೂ ಬಿನೆ ಅವರ ಬದುಕು ಮೂರು ಪ್ರಶ್ನೆಗಳನ್ನು ಬಿಟ್ಟುಹೋಗಿದೆ. ಈ ಪ್ರಶ್ನೆಗೆ ಉತ್ತರ ಕಲಿಯುವ ಅವಕಾಶ ಮಗುವಿಗೆ ಇತ್ತೇ? ಅಂಕ ಕೊಡುವಾಗ ಮಗುವಿನ ಬಗ್ಗೆ ಮೊದಲೇ ಇದ್ದ ಅಭಿಪ್ರಾಯ ಕೈಯನ್ನು ಎಳೆಯಲಿಲ್ಲವೇ? ಕಡಿಮೆ ಅಂಕ ಬಂದ ಮಗುವಿಗೆ ನಾಳೆಯಿಂದ ಏನು ಕಲಿಸಲಾಗುತ್ತದೆ? ಈ ಪ್ರಶ್ನೆಗಳಿಗೆ ಉತ್ತರವಿಲ್ಲದ ಅಂಕಪಟ್ಟಿ, ಬಿನೆ ಅವರ ದೃಷ್ಟಿಯಲ್ಲಿ, ಇನ್ನೂ ಮುಗಿಯದ ಪರೀಕ್ಷೆ.